ವೈನಿಯ ಲ್ಯಾಪ್‌ಟಾಪಿಗೆ ಹಗುರ ಲಿನಕ್ಸ್

ಪರೀಕ್ಷೆ ಮಾಡದೆ ಯಾವ ಸಾಮಾನನ್ನೂ ಒಳಗೆ ತೆಗೆದುಕೊಳ್ಳಬಾರದು. ಚಾಕಣದ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕಲಿತ ಈ ಶಿಸ್ತನ್ನು ನಾನು ನಿವೃತ್ತನಾದ ಮೇಲೂ ಬಿಡಲಿಲ್ಲ.

ಕೋಥರೂಡದ ನಮ್ಮ ವಸತಿ ಸೊಸೈಟಿಯಲ್ಲಿ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ನಮ್ಮ ಮೇಲಿನ ಮನೆಯಲ್ಲಿ ವೈನಿ, ಅಂದರೆ ತೀರಿಕೊಂಡ ನನ್ನ ಅಣ್ಣನ ಹೆಂಡತಿ, ಇದ್ದರು. ಅವರ ಕಣ್ಣು ಮಂಜಾಗಿ ಪತ್ರಿಕೆಯ ಸಣ್ಣಕ್ಷರ ಕಾಣದಂತಾಗಿತ್ತು. ಓದಿ ಹೇಳುತ್ತೇನೆಂದರೆ ಒಪ್ಪರು.

"ನೀ ಬರೇ ರಾಜಕೀಯ ಓದ್ತೀ ತಮ್ಮಾ. ನನಗ ನಮ್ಮ ವಿಜಾಪುರದ ಸುದ್ದಿ ಬೇಕು. ಅದೂ ನಾನ ಓದಬೇಕು."

ಕಂಪ್ಯೂಟರಿನಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದಲ್ಲ ಎಂದು ನನಗೆ ಹೊಳೆಯಿತು. ನನ್ನ ಅಳಿಯನ ಹಳೆಯ ಲ್ಯಾಪ್‌ಟಾಪ್ ಕಪಾಟಿನಲ್ಲಿ ಬಿದ್ದಿತ್ತು. ವೈರಸ್ ತುಂಬಿ ಅದು ಏದುಸಿರು ಬಿಡುತ್ತಿತ್ತು. ಅದನ್ನು ಅಳಿಸಿ ಲಿನಕ್ಸ್ ಎಂಬ ಬಿಟ್ಟಿ ಕಾರ್ಯವ್ಯವಸ್ಥೆ ಹಾಕಲು ನಿಶ್ಚಯಿಸಿದೆ. ಆಗ ಕಂಪ್ಯೂಟರ್ ಮಾಸಿಕಗಳ ಜೊತೆ ಲಿನಕ್ಸಿನ ಸಿಡಿ ಬರುತ್ತಿತ್ತು. ಅದನ್ನು ಯಂತ್ರಕ್ಕೆ ಇಳಿಸದೆ, ಸಿಡಿಯಿಂದಲೇ ನಡೆಸಿ ನೋಡಬಹುದಿತ್ತು. ಎಂಥ ಸಜ್ಜನಿಕೆ! ಮೊದಲು ನೋಡು, ಒಪ್ಪಿಗೆಯಾದರೆ ಇಟ್ಟುಕೋ. ನನ್ನಂಥವನಿಗೆ ಇನ್ನೇನು ಬೇಕು?

ಚಹಾ ಮಾಡುವ ಹೊತ್ತನ್ನೇ ಅಳತೆಯಾಗಿ ಇಟ್ಟುಕೊಂಡೆ. ಮೊದಲ ಸಿಡಿ ಬಹಳ ಠಾಕುಠೀಕಿನದು, ಮೈತುಂಬ ಅಲಂಕಾರ. ಚಹಾ ಕುದಿಸಿ, ಕುಡಿದು, ಬಟ್ಟಲು ತೊಳೆದಿಟ್ಟರೂ ಪರದೆ ಪೂರ್ತಿ ತೆರೆಯಲಿಲ್ಲ. ಎರಡನೆಯದು ಎಲ್ಲಕ್ಕಿಂತ ಹಗುರ, ಹಾಲು ಉಕ್ಕುವ ಮೊದಲೇ ಸಿದ್ಧ. ಆದರೆ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಂಡವು. ಕನ್ನಡದ ಫಾಂಟ್ ತಂದು ಹಾಕಿದೆ, ಅಕ್ಷರ ಮೂಡಿತು. ಅದೇ ಖುಷಿಯಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಮೇಲೆ ಹೋದೆ.

ವೈನಿ ಚಷ್ಮಾ ಒರೆಸಿಕೊಂಡು ಕೂತರು. ಪತ್ರಿಕೆಯ ಜಾಲತಾಣದಲ್ಲಿ ವಿಜಾಪುರದ ಪುಟ ತೆರೆದು ಅಕ್ಷರ ದೊಡ್ಡದು ಮಾಡಿದೆ. ಒಂದು ಸಾಲು ತಡವರಿಸಿದರು, ಮತ್ತೆ ಮೊದಲಿನಿಂದ ಹಿಡಿದರು. ಇನ್ನೂ ದೊಡ್ಡದು ಮಾಡಿದೆ. ಅವರು ಚಷ್ಮಾ ತೆಗೆದು ಮಡಿಲಲ್ಲಿಟ್ಟರು.

"ಸಾಕ್ ಬಿಡು ತಮ್ಮಾ. ಇಷ್ಟ ದೊಡ್ಡದಿದ್ರೂ ಓದಾಕ ಬರವಲ್ತು. ನನ್ನ ಕಣ್ಣು ಹೋದುವು."

ಅಣ್ಣ ಹೋದಾಗಲೂ ಅವರ ದನಿ ಅಷ್ಟು ಕುಗ್ಗಿರಲಿಲ್ಲ. ಆದರೆ ಯಂತ್ರ ಕೆಲಸ ಮಾಡದಿದ್ದರೆ ಮೊದಲು ಬಿಡಿಭಾಗ ಬೇರೆ ಮಾಡಿ ನೋಡಬೇಕೆಂಬುದು ನನ್ನ ರೂಢಿ. ಗೋಡೆಯಲ್ಲಿದ್ದ ದಪ್ಪಕ್ಷರದ ಕನ್ನಡ ಕ್ಯಾಲೆಂಡರನ್ನು ಇಳಿಸಿ ಮುಂದೆ ಹಿಡಿದೆ.

"ಇದನ್ನ ಓದ್ರಿ ವೈನಿ."

"ಶ್ರಾವಣ ಶುದ್ಧ ಪಂಚಮಿ," ಎಂದು ಚಷ್ಮಾ ಏರಿಸಿಕೊಂಡು ಒಂದೇ ಉಸಿರಿಗೆ ಓದಿದರು. "ಇದರಾಗ ಏನದ? ಅಕ್ಷರ ಸರಿ ಅದಾವು."

ಆಗ ನಾನು ಬಗ್ಗಿ ಪರದೆಯನ್ನು ಸರಿಯಾಗಿ ನೋಡಿದೆ. ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತಿದ್ದವು. ಆ ಹಗುರ ವ್ಯವಸ್ಥೆಗೆ ನಮ್ಮ ಅಕ್ಷರ ಜೋಡಿಸುವುದು ಗೊತ್ತಿರಲಿಲ್ಲ.

"ಕಣ್ಣು ನೆಟ್ಟಗ ಅದಾವ್ರಿ. ಕೆಟ್ಟಿದ್ದು ಇದು."

"ಹಂಗಾದ್ರ ನನ್ನ ಯಾಕ ಅಳಸ್ತಿದ್ದೀ, ಭಾಡ್ಯಾ!" ಎಂದು ಕ್ಯಾಲೆಂಡರಿನಿಂದಲೇ ತಲೆಗೊಂದು ಬಿಟ್ಟರು.

ಮೂರನೆಯ ಸಿಡಿಯಲ್ಲಿ ಕನ್ನಡ ಮೊದಲೇ ಸರಿಯಾಗಿ ಕೂತಿತ್ತು. ಅದೂ ಹಗುರವೇ, ಆದರೆ ಶುರುವಾಗಲು ಎರಡನೆಯದಕ್ಕಿಂತ ನಿಧಾನ. ಆ ತಡ ನನಗೆ ಚುಚ್ಚುತ್ತಿತ್ತು.

"ಲಗೂ ಬಂದು ಏನ್ ಮಾಡಬೇಕೈತಿ, ಬಸ್ ಹಿಡೀಬೇಕೇನು? ಇದನ್ನ ಹಾಕು," ಎಂದರು ವೈನಿ.

ಮರುದಿನ ಬೆಳಿಗ್ಗೆ ಮೇಲೆ ಹೋದಾಗ ಅವರು ಬಟನ್ ಒತ್ತಿ, ಅದು ಏಳುವಷ್ಟರಲ್ಲಿ ದೇವರ ದೀಪ ಹಚ್ಚುತ್ತಿದ್ದರು. ನಾನು ಹೊಂದಿಸಲಾಗದೆ ಒದ್ದಾಡಿದ ಕಾಲವನ್ನು ಅವರು ಎಷ್ಟು ಸಲೀಸಾಗಿ ಹೊಂದಿಸಿದ್ದರು! ಬಂದು ಕೂತವರೇ ಮೊದಲು ನಿಧನವಾರ್ತೆ ತೆಗೆದು, ಬೆರಳಿಟ್ಟುಕೊಂಡು, ನನ್ನ ನೆರವಿಲ್ಲದೆ ಕೊನೆಯವರೆಗೂ ಓದಿದರು.

"ಇವತ್ತ ಗುರುತಿನವ್ರು ಯಾರೂ ಹೋಗಿಲ್ಲ," ಎಂದು ತೃಪ್ತಿಯಿಂದ ಹೇಳಿದರು. "ಚಹಾ ಇಡು ಹೋಗು."