ಅಮಾವಾಸ್ಯೆಗೆ ಗುಡಿಸಿದ ಐಕಾನು

ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ನಾನು ನಂಜನಗೂಡಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಜೀವ. ಗಿರಾಕಿಗಳು ವಿಚಾರಿಸುತ್ತಿದ್ದುದು ಅವರ ಕಂಪ್ಯೂಟರಿನ ಆರೋಗ್ಯವನ್ನು. ನನ್ನದನ್ನು ಯಾರು ಕೇಳಬೇಕು?

ಕೇಳುತ್ತಿದ್ದವರು ಒಬ್ಬರೇ, ತಿ. ನರಸೀಪುರದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ಅಕ್ಕ. ಒಡಹುಟ್ಟಿದವರಲ್ಲ, ವಯಸ್ಸಿಗೆ ಹಿರಿಯರಾದ್ದರಿಂದ ಅಕ್ಕ. ಚೊಕ್ಕಟ ಎಂದರೆ ಅವರಿಗೆ ಹುಚ್ಚು. ಅಮಾವಾಸ್ಯೆ ಬೆಳಿಗ್ಗೆ ಅಂಗಡಿ ಗುಡಿಸಿ ತೊಳೆದು, ಪೂಜೆಗೆ ಮುಂಚೆ ಕಂಪ್ಯೂಟರಿನ ಪರದೆಯನ್ನೂ ಗುಡಿಸುತ್ತಿದ್ದರು. ಅಲ್ಲಿದ್ದುದನ್ನೆಲ್ಲ ಕಸದ ಬುಟ್ಟಿಯ ಚಿತ್ರಕ್ಕೆ ಎಳೆದು ಹಾಕಿ, ಪೂಜೆಯ ದಿನ ಕಸ ಒಳಗಿರಬಾರದೆಂದು ಬುಟ್ಟಿಯನ್ನೂ ಖಾಲಿ ಮಾಡುತ್ತಿದ್ದರು. ಕನ್ನಡ ಟೈಪಿಂಗಿನ ಐಕಾನೂ ಜೊತೆಗೇ ಹೋಗುತ್ತಿತ್ತು. ಆಮೇಲೆ ನನಗೆ ಫೋನು.

"ತಮ್ಮಾ, ಕನ್ನಡ ಒಂಟೋಯ್ತು ಕಣಪ್ಪ. ಬಂದ್ಬುಡು."

ನಾನು ಬಸ್ಸು ಹತ್ತುತ್ತಿದ್ದೆ. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯುವ ಕೆಲಸ. ಸಾಫ್ಟ್‌ವೇರ್ ಹಾಕುವಾಗಲೇ ಅದು ಪರದೆಯ ಮೇಲೊಂದು, ಸ್ಟಾರ್ಟ್ ಮೆನುವಿನೊಳಗೊಂದು ಐಕಾನು ಇಟ್ಟಿರುತ್ತದೆ. ಒಳಗಿನದು ಹಾಗೇ ಇರುತ್ತಿತ್ತು. ಅದರಿಂದ ಇನ್ನೊಂದನ್ನು ಪರದೆಗೆ ಕಳಿಸಿದರೆ ಆಯಿತು.

"ಅಕ್ಕ, ಬೋರ್ಡ್ ಕಿತ್ತಾಕಿದ್ರೆ ಅಂಗ್ಡಿ ಎಲ್ಲೋಯ್ತದೆ? ನೀವೇ ಮಾಡ್ಕೋಬೌದು," ಎಂದು ಪ್ರತಿ ಸಲವೂ ಹೇಳುತ್ತಿದ್ದೆ.

"ನಂಗ್ಯಾಕಪ್ಪ ಅದೆಲ್ಲ? ನೀನಿದ್ದೀಯಲ್ಲ," ಎಂದು ಅಂಗಡಿಯ ಹಿಂದಿನ ಮನೆಗೆ ಕರೆದು ಮುದ್ದೆ, ಅವರೆಕಾಳಿನ ಸಾರು ಬಡಿಸುತ್ತಿದ್ದರು. "ಯಾಕಿಂಗ್ ಒಣಗೋಗಿದ್ದೀಯೆ?" ಎಂದು ಬೈಯುತ್ತಿದ್ದರು. ಬೈಸಿಕೊಳ್ಳುವ ಸುಖ ಬೈಯುವವರಿಲ್ಲದವನಿಗೇ ಗೊತ್ತು. ತಿಂಗಳಿಡೀ ನಾನು ಆ ಊಟಕ್ಕೆ ಕಾಯುತ್ತಿದ್ದೆ.

ಒಂದು ಅಮಾವಾಸ್ಯೆಗೆ ನನ್ನ ಕಾಲು ಉಳುಕಿತ್ತು. ಅಕ್ಕನ ಫೋನು ಬಂತು: "ಸೋಸಲೆ ಊರಿನೋರು ತಿಥಿ ಕಾರ್ಡಿಗೆ ಬಂದ್ ಕೂತವ್ರೆ, ಏನ್ ಮಾಡ್ಲಪ್ಪ?" ಸಾವಾದ ಮನೆಯವರನ್ನು ಕಾಯಿಸುವುದು ಹೇಗೆ? ಫೋನಿನಲ್ಲೇ ಹೇಳಿಕೊಟ್ಟೆ. ಸ್ಟಾರ್ಟ್ ಒತ್ತಿ, ಪ್ರೋಗ್ರಾಮ್ಸ್‌ಗೆ ಹೋಗಿ, ಕನ್ನಡದ ಸಾಫ್ಟ್‌ವೇರಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸೆಂಡ್ ಟು, ಡೆಸ್ಕ್‌ಟಾಪ್. ಆ ಕಡೆ ಮೌಸಿನ ಟಿಕ್ ಟಿಕ್ ಕೇಳಿಸಿತು. ಆಮೇಲೆ ಅಕ್ಕ ಚಿಕ್ಕ ಹುಡುಗಿಯ ಹಾಗೆ ನಕ್ಕರು. "ಬಂತು ಕಣೋ! ಇಷ್ಟೇಯಾ?"

ಇಷ್ಟೇ, ಎಂದೆ. ನನಗೂ ಖುಷಿಯಾಯಿತು, ಸುಳ್ಳಲ್ಲ. ಆದರೆ ಫೋನಿಟ್ಟ ಮೇಲೆ ಕುಂಟುತ್ತ ಹೋಗಿ ಕ್ಯಾಲೆಂಡರಿನ ಮುಂದಿನ ಹಾಳೆ ತಿರುವಿ ನೋಡಿದೆ.

ಮುಂದಿನ ಅಮಾವಾಸ್ಯೆಗೆ ಕಾಲು ಸರಿಯಾಗಿತ್ತು. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಫೋನಿನ ಹತ್ತಿರ ಕೂತೆ. ಮಧ್ಯಾಹ್ನವಾದರೂ ಅದು ಬಾಯಿಬಿಡಲಿಲ್ಲ. ಕೊನೆಗೆ ಮಾನ ಮರ್ಯಾದೆ ಬಿಟ್ಟು ನಾನೇ ಮಾಡಿದೆ.

"ಅಕ್ಕ, ಕನ್ನಡ ಸರಿಯಾಗಿ ಅದಾ?"

"ಬೆಳಗ್ಗೆನೇ ಅಳಿಸ್ಬುಟ್ಟಿದ್ದೆ, ನಾನೇ ತಂದ್ಕೊಂಡೆ ಕಣಪ್ಪ. ಪಾಪ, ಸುಮ್ಸುಮ್ನೆ ಅಷ್ಟ್ ದೂರದಿಂದ ಎಷ್ಟ್ ಸಲ ಓಡಾಡ್ಸ್ಬುಟ್ಟೆ ನಿನ್ನ. ಇನ್ಮೇಲೆ ನಿಂಗ್ ಆ ತಾಪತ್ರಯ ಇಲ್ಲ ಬುಡು." ಆಮೇಲೆ, ಎಂದಿನಂತೆ, "ಊಟ ಆಯ್ತಾ?" ಎಂದರು.

ಅಕ್ಕ ಏರಿದ ಏಣಿ ಒದೆಯುವವರಲ್ಲ. ಏಣಿ ಬೇಡವಾಯಿತು, ಅಷ್ಟೇ.

"ಆಯ್ತು ಅಕ್ಕ," ಎಂದೆ. ಅವತ್ತು ನಾನು ಒಲೆಯನ್ನೇ ಹಚ್ಚಿರಲಿಲ್ಲ.