ನಾನು ತೊಳೆದ ಸ್ಪಂಜು

ತಮ್ಮ ನನಗೆ ಹೇಳಿದ್ದು ಮೂರೇ ಮಾತು. ದಿನಕ್ಕೊಂದು ಚಿಟಿಕೆ ಮೀನಿನ ಕಾಳು ಹಾಕು, ಫಿಲ್ಟರಿನ ಸ್ಪಂಜು ತೊಳೆಯಬೇಡ, ತೊಟ್ಟಿಗೆ ಮೀನು ಬಿಡಬೇಡ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೂ ಅರ್ಥವಾಗುವ ಮಾತುಗಳೇ. ಮೂರರಲ್ಲಿ ಒಂದನ್ನೂ ನಾನು ನಡೆಸಿಕೊಡಲಿಲ್ಲ.

ಅವನೂ ಅವನ ಹೆಂಡತಿಯೂ ಹತ್ತು ದಿನ ಊರಲ್ಲಿರುವುದಿಲ್ಲವೆಂದು ಮನೆ ನೋಡಿಕೊಳ್ಳಲು ಶಿಕಾರಿಪುರದಿಂದ ಸೊರಬಕ್ಕೆ ಹೋಗಿದ್ದೆ. ಬಾಗಿಲ ಪಕ್ಕದಲ್ಲೇ ಗಾಜಿನ ತೊಟ್ಟಿ. ಒಳಗೆ ನೀರು, ಮರಳು, ಗುಳುಗುಳು ಎನ್ನುವ ಫಿಲ್ಟರು. ಮೀನಿಲ್ಲದೆ ಒಂದು ತಿಂಗಳಿಂದ ಹೀಗೇ ಓಡುತ್ತಿತ್ತಂತೆ. ಹಿಂದೊಮ್ಮೆ ನೀರು ತುಂಬಿದ ದಿನವೇ ಮೀನು ಬಿಟ್ಟು ಎಲ್ಲವನ್ನೂ ಕಳೆದುಕೊಂಡಿದ್ದ. ಮೀನಿನ ಹೊಲಸು ನೀರಲ್ಲಿ ವಿಷವಾಗುತ್ತದೆ, ಅದನ್ನು ತಿಂದು ತೀರಿಸುವ, ಕಣ್ಣಿಗೆ ಕಾಣದ ಜೀವಿಗಳು ಮೊದಲು ಸ್ಪಂಜಿನಲ್ಲಿ ಬೆಳೆಯಬೇಕು, ಕೊಳೆಯುವ ಕಾಳೇ ಅವಕ್ಕೆ ಆಹಾರ ಎಂದ. ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧಿ ಹನಿಸಿದ. ಹಸಿರಾದರೆ ವಿಷ, ಹಳದಿಯಾದರೆ ಸರಿ. ಹೆಚ್ಚುಕಡಿಮೆ ಹಳದಿಯೇ ಬಂತು.

"ಇನ್ನೊಂದೇ ವಾರ ಅಕ್ಕ."

"ನೀರಿಗೆ ಊಟ ಹಾಕಕ್ಕೆ ಡಿಗ್ರಿ ಓದ್ಬೇಕಾಯ್ತೇನೋ?" ಎಂದೆ. ಅವನು ನಕ್ಕುಬಿಟ್ಟ.

ಎರಡನೇ ದಿನ ನಾನು ಕಾಳು ಹಾಕುವುದನ್ನು ಪಕ್ಕದ ಮನೆಯಾಕೆ ಕಂಡಳು. "ಏನ್ರೀ ಇದು, ಖಾಲಿ ತೊಟ್ಟಿಲು ತೂಗಿದಂಗಾಯ್ತಲ್ರೀ! ಮನೆಗೆ ಒಳ್ಳೇದಲ್ಲ."

ಅಷ್ಟು ಸಾಕಾಯಿತು ನನಗೆ. ಕಾಳು ನಿಲ್ಲಿಸಿದೆ. ಸ್ಪಂಜು ತೆಗೆದು ನೋಡಿದರೆ ಕಂದು ಬಣ್ಣದ ಲೋಳೆ. ಓದಿದವರ ಗಲೀಜು ಹೀಗೇ ಎಂದುಕೊಂಡೆ. ಹಬ್ಬ ಬಂದರೆ ಡಬ್ಬಿಯ ಮುಚ್ಚಳದ ಸಂದನ್ನೂ ಬಿಡದವಳು ನಾನು. ಬ್ಲೀಚಿಂಗ್ ಪೌಡರ್ ಹಾಕಿ, ನಲ್ಲಿ ಕೆಳಗೆ ಹಿಡಿದು, ಅದು ಬೆಳ್ಳಗಾಗುವವರೆಗೆ ಉಜ್ಜಿದೆ. ಮರುದಿನ ಪೇಟೆಯಿಂದ ಆರು ಕೆಂಪು ಮೀನು ತಂದು ಬಿಟ್ಟೆ. ತಮ್ಮನ ಒಂದು ತಿಂಗಳ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಿದೆನೆಂದು ಬೀಗಿದೆ. ನನ್ನಂಥ ದಡ್ಡಿಯ ಜಂಬಕ್ಕೆ ನಾಲ್ಕೇ ದಿನದ ಆಯುಸ್ಸು. ಆರೂ ಹೊಟ್ಟೆ ಮೇಲಾಗಿ ತೇಲಿದವು. ದಾಸವಾಳದ ಬುಡದಲ್ಲಿ ಹೂತು ಕೈ ತೊಳೆದುಕೊಂಡೆ.

ತಮ್ಮ ಬಂದವನೇ ಹನಿ ಬಿಟ್ಟ. ಕಡು ಹಸಿರು.

"ಕರೆಂಟ್ ಹೋಗಿ ಫಿಲ್ಟರ್ ನಿಂತಿತ್ತಾ ಅಕ್ಕ?"

ನೆಪ ಅವನೇ ಕೊಟ್ಟ. ನಾನು ನಾಚಿಕೆಯಿಲ್ಲದೆ ತೆಗೆದುಕೊಂಡೆ. "ಹ್ಞೂಂ ಮಾರಾಯ, ಎರಡು ದಿನ."

"ಪಾಪ, ನಿಂಗೂ ಸುಮ್ನೆ ತೊಂದ್ರೆ ಕೊಟ್ಟೆ."

ಅವನು ಬೈದಿದ್ದರೆ ಶಿಕಾರಿಪುರದ ಬಸ್ಸಿನಲ್ಲಿ ನಿದ್ದೆಯಾದರೂ ಬರುತ್ತಿತ್ತು.

ತಿಂಗಳ ಮೇಲೆ ಮತ್ತೆ ಹೋದಾಗ ತೊಟ್ಟಿ ಒಣಗಿಸಿ ಹಿತ್ತಲಲ್ಲಿ ಬೋರಲು ಹಾಕಿದ್ದ. "ಯಾರಿಗಾದ್ರೂ ಕೊಟ್ಬಿಡ್ತೀನಿ. ನನ್ ಕೈಗುಣಾನೇ ಸರಿಯಿಲ್ಲ ಅಕ್ಕ, ಮೀನು ಬದ್ಕಲ್ಲ."

ಬೋರಲು ಬಿದ್ದಿದ್ದ ತೊಟ್ಟಿಯನ್ನು ಎತ್ತಿ ನೆಟ್ಟಗಿಟ್ಟೆ.

"ನಿನ್ ಕೈ ಅಲ್ಲ ಕಣೋ, ನನ್ ಕೈ. ಕರೆಂಟು ಹೋಗೇ ಇರ್ಲಿಲ್ಲ. ಸ್ಪಂಜು ತೊಳ್ದಿದ್ದು ನಾನು, ಆರು ಮೀನು ತಂದು ಸಾಯ್ಸಿದ್ದೂ ನಾನೇ. ತಪ್ಪಾಯ್ತು ತಮ್ಮಾ."