ಮಗ್ಗದ ಕಟ್ಟಿಗೆಯ ಪುಸ್ತಕದ ಕಪಾಟು

ಅಪ್ಪ ತೀರಿಹೋದ ಮೇಲೆ ಅವನ ಮಗ್ಗ ಬಿಚ್ಚಿದ ದಿನ ನನ್ನಣ್ಣ ಒಂದು ಮಾತು ಕೊಟ್ಟ. "ಈ ಕಟಗಿ ಪೂರಾ ನಿಂದು, ತಂಗಿ. ಏನರ ಮಾಡ್ಕೊ, ಯಾರೂ ಕೇಳಂಗಿಲ್ಲ" ಎಂದ. ಬೆಟಗೇರಿಯ ಮನೆ ಅವನ ಹೆಸರಿಗೆ ಆಗಲೆಂದು ನಾನು ಸಹಿ ಹಾಕಿ ವಾರವೂ ಆಗಿರಲಿಲ್ಲ. ಮನೆಯಲ್ಲಿ ಪಾಲು ಬೇಡ, ಮಗ್ಗದ ಕಟ್ಟಿಗೆ ಕೊಟ್ಟರೆ ಸಾಕು ಎಂದು ನಾನೇ ಕೇಳಿದ್ದೆ. ಇಂಥ ಹುಚ್ಚಿಯನ್ನು ಎಲ್ಲೂ ಕಾಣಲಿಲ್ಲ ಎಂದು ಓಣಿಯವರು ನಕ್ಕರು. ನಗಲಿ ಬಿಡು ಎಂದುಕೊಂಡೆ. ಅಣ್ಣನ ಮಾತಿನ ಮೇಲೆ ನನಗೆ ಅಷ್ಟು ಭರವಸೆ ಇತ್ತು.

ನಾನಿರುವುದು ಲಕ್ಷ್ಮೇಶ್ವರದಲ್ಲಿ, ಮಾಳಿಗೆಯ ಮೇಲಿನ ಎರಡು ಖೋಲಿಯ ಬಾಡಿಗೆ ಮನೆ. ಅಡರಕಟ್ಟಿಯ ಶಾಲೆಗೆ ಹೋಗಿ ಕನ್ನಡ ಕಲಿಸಿ ಬರುವುದು ನನ್ನ ಕೆಲಸ, ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಮನೆಗೆ ತಂದು ತುಂಬುವುದು ನನ್ನ ಚಟ. ಪುಸ್ತಕಗಳು ಮಂಚದ ಕೆಳಗೆ, ಅಕ್ಕಿಯ ಚೀಲದ ಪಕ್ಕ, ಹೊಲಿಗೆ ಯಂತ್ರದ ಮೇಲೆ ಎಲ್ಲೆಂದರಲ್ಲಿ ಬಿದ್ದಿದ್ದವು. "ನಾವು ಸಂಸಾರ ಮಾಡಾಕ ಬಂದೀವೋ, ಗ್ರಂಥಾಲಯ ಕಾಯಾಕ ಬಂದೀವೋ?" ಎಂದು ಗಂಡ ದಿನವೂ ಕಾಡಿಸುತ್ತಿದ್ದರು. ಬಡಿಗೇರರ ಕಡೆ ಒಂದು ಕಪಾಟು ಮಾಡಿಸಬಹುದಿತ್ತು. ನನಗೆ ಬೇಕಾಗಿದ್ದು ಅದಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ನಾನು, ನೇಯುತ್ತಿದ್ದವರು ಅಪ್ಪ ಮತ್ತು ಅಣ್ಣ. ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂಡಲು ನನ್ನನ್ನು ಯಾರೂ ಬಿಟ್ಟಿರಲಿಲ್ಲ. ಆ ಕಟ್ಟಿಗೆಯ ಮೇಲೆ ಒಮ್ಮೆಯಾದರೂ ನನ್ನ ಕೈ ಆಡಬೇಕು, ಅದರಿಂದ ನಾನು ಮಾಡಿದ್ದೊಂದು ವಸ್ತು ನಿಲ್ಲಬೇಕು ಎನ್ನುವ ಹಟ ನನಗಿತ್ತು.

ಅವ್ವ ಒಂದು ಕರಾರು ಹಾಕಿದಳು. ಮಹಾನವಮಿಗೆ ಪೂಜೆ ಮಾಡಿಸಿಕೊಂಡ ಕಟ್ಟಿಗೆ ಅದು, ಗೊತ್ತಿಲ್ಲದೆ ಕಾಲು ತಾಗಿದರೂ ಮುಟ್ಟಿ ನಮಸ್ಕಾರ ಮಾಡುತ್ತಿದ್ದೆವು. "ಮ್ಯಾಲೆ ಕುಂಡ್ರೂದು, ಮಲಗೂದು ಏನೂ ಮಾಡಬ್ಯಾಡವಾ. ಪುಸ್ತಕ ಇಡತಿ ಅಂದ್ರ ಮಾಡ್ಕೊ, ಸರಸ್ವತಿ ಇರ್ತಾಳ" ಎಂದಳು.

ಕಂಬಗಳನ್ನೂ ತೊಲೆಗಳನ್ನೂ ಗದಗಿನ ಸಾ ಮಿಲ್ಲಿಗೆ ಒಯ್ದು ಹಲಗೆ ಸೀಳಿಸಿದೆ. ಹೊರಗೆ ಎಣ್ಣೆ, ಬೆವರು, ಗಂಜಿ ಕುಡಿದು ಕರ್ರಗಾಗಿದ್ದ ಸಾಗವಾನಿ, ಒಳಗೆ ಹೊಸ ಬೆಲ್ಲದ ಬಣ್ಣಕ್ಕಿತ್ತು. ಹಲಗೆಗಳನ್ನು ಅಣ್ಣನ ಮನೆಯಲ್ಲೇ ಇಟ್ಟೆ. ನಮ್ಮ ಮಾಳಿಗೆಯ ಮೇಲೆ ಸುತ್ತಿಗೆ ಬಡಿದರೆ ಕೆಳಗಿನ ಮನೆಯವರು ಮೇಲೆ ಬರುತ್ತಿದ್ದರು. ಬೆಟಗೇರಿಯಲ್ಲಿ ಮಗ್ಗವಿದ್ದ ಖೋಲಿ ಹೇಗೂ ಖಾಲಿಯಾಗಿತ್ತು, ಕುಣಿಗೆ ಮಣ್ಣು ತುಂಬಿ ಫರಸಿ ಹಾಸಿದ್ದರು. ಭಾನುವಾರ ಬೆಳಗಿನ ಬಸ್ಸಿಗೆ ಹೊರಟು, ಸಂಜೆ ಮೂಗಿನ ತುಂಬ ಕಟ್ಟಿಗೆಯ ಹುಡಿ ತುಂಬಿಕೊಂಡು ಮರಳುತ್ತಿದ್ದೆ.

ಕೆಲಸ ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಮೊದಲ ಹಲಗೆಗೆ ತೂತು ಹಾಕದೆ ನೇರವಾಗಿ ಮೊಳೆ ಹೊಡೆದೆ, ಅದು ಉದ್ದಕ್ಕೂ ಸೀಳಿಹೋಯಿತು. ಅಪ್ಪನ ಮಗ್ಗವನ್ನು ಹಾಳು ಮಾಡಿದೆನಲ್ಲಾ ಎಂದು ಅಲ್ಲೇ ಕುಳಿತು ಅತ್ತೆ. ಮರುವಾರ ಮತ್ತೆ ಹೋದೆ. ಹಲಗೆಗಳು ಕಿರಿದಾಗಿದ್ದರಿಂದ ಎರಡೆರಡನ್ನು ಅಂಟು ಹಚ್ಚಿ ಜೋಡಿಸಿದರೆ ಒಂದು ಖಾನೆಯಷ್ಟು ಅಗಲವಾಗುತ್ತಿತ್ತು. ಅಂಟು ಹಿಡಿಯುವ ತನಕ ಅವುಗಳ ಮೇಲೆ ರುಬ್ಬುವ ಗುಂಡು, ನೀರು ತುಂಬಿದ ಕೊಡ ಎಲ್ಲ ಹೇರುತ್ತಿದ್ದೆ. ಅತ್ತಿಗೆಗೆ ಅಡುಗೆಗೆ ಗುಂಡು ಬೇಕಾದಾಗಲೆಲ್ಲ ಸಣ್ಣ ಜಗಳ.

ಜೊತೆಗಿದ್ದವಳು ಅಣ್ಣನ ಮಗಳು. ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ನಾನು ಕೊಯ್ಯುವಾಗ ಹಲಗೆಯ ಆ ತುದಿ ಹಿಡಿದುಕೊಳ್ಳುವುದು, ಉಸುಕಿನ ಕಾಗದದಿಂದ ತಿಕ್ಕಿ ನುಣುಪು ಮಾಡುವುದು ಅವಳ ಪಾಲಿನ ಕೆಲಸ. ತಿಕ್ಕುತ್ತ ತಿಕ್ಕುತ್ತ ನಾನು ಕೊಟ್ಟ ಕಾದಂಬರಿಯ ಕತೆ ಹೇಳುತ್ತಿದ್ದಳು. ಹೆತ್ತ ಮಕ್ಕಳಿಲ್ಲದ ನನಗೆ ಅವಳೇ ಮಗಳು. "ಅತ್ತಿ, ಇದರಾಗ ಒಂದ ಖಾನಿ ನಂದು" ಎಂದು ಆಗಲೇ ಕಾಯ್ದಿರಿಸಿದ್ದಳು. ಆಗಲಿ ಎಂದಿದ್ದೆ.

ಕಪಾಟು ಎದ್ದು ನಿಲ್ಲುವ ಹೊತ್ತಿಗೆ ಅವಳ ಮದುವೆ ಗೊತ್ತಾಯಿತು, ಮುಂಡರಗಿಯ ಕಡೆ. "ಮದವಿ ಮುಗ್ಯೂತನಾ ಪಡಸಾಲ್ಯಾಗ ಇರ್ಲಿ ತಂಗಿ, ಬಂದ ಮಂದಿ ನೋಡ್ತಾರ" ಎಂದ ಅಣ್ಣ. ಹಿಗ್ಗಿ ಹೀರೇಕಾಯಿಯಾದೆ. ಬೀಗರು ಮನೆ ನೋಡಲು ಬಂದ ದಿನ ನಾನು ಒಳಗೆ ಮಿರ್ಚಿ ಕರಿಯುತ್ತಿದ್ದೆ. ಅವರು ಕಪಾಟನ್ನು ತಟ್ಟಿ ನೋಡಿ "ಭಾಳ ಛಲೋ ಐತ್ರಿ" ಎಂದದ್ದು ಒಲೆಯ ತನಕ ಕೇಳಿಸಿತು. ಅದಕ್ಕೆ ಅಣ್ಣ ಏನು ಹೇಳಿದನೋ, ಎಣ್ಣೆಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಮದುವೆಯ ಗದ್ದಲ ಇಳಿದ ಮೇಲೆ, ಲಕ್ಷ್ಮೇಶ್ವರದಿಂದ ಒಂದು ಸಣ್ಣ ಟೆಂಪೋ ಮಾಡಿಕೊಂಡು ಬೆಟಗೇರಿಗೆ ಹೋದೆ. ಕಪಾಟಿಗೆ ಗೀರು ಬೀಳಬಾರದೆಂದು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೇರಿಕೊಂಡಿದ್ದೆ. ಪಡಸಾಲೆಗೆ ಕಾಲಿಟ್ಟರೆ ಅದು ನಿಂತ ಜಾಗ ಬಯಲು. ಒಳಗಿಟ್ಟಿರಬೇಕೆಂದು ಖೋಲಿಖೋಲಿ ನೋಡಿದೆ. ಅಣ್ಣ ಹಿಂದೆಯೇ ಬಂದ.

"ಹುಡುಕಬ್ಯಾಡ ತಂಗಿ. ಸಾಮಾನಿನ ಗಾಡ್ಯಾಗ ಮುಂಡರಗಿಗೆ ಹೋತು."

"ಯಾವ ಸಾಮಾನು? ಅದು ನಂದಲ್ಲಾ?"

"ನಿಂದ ಅಂತ ನಾ ಯಾವಾಗ ಇಲ್ಲ ಅಂದೆ? ಬೀಗರ ಕಣ್ಣು ಬಿದ್ದಿತ್ತು. ಮಗಳ ಮನಿಗೆ ಹೋಗೇತಿ, ಹೊರಗಿನವರಿಗೇನ ಹೋಗಿಲ್ಲ."

"ನನಗ ಒಂದ ಮಾತ ಕೇಳಾಕ ಬರ್ತಿರಲಿಲ್ಲನು?"

"ಕೇಳಿದ್ರ ನೀ ಒಲ್ಲೆ ಅಂತಿದ್ದಿ."

ಹೀಗೆ ಅಂದವನ ಮುಖದಲ್ಲಿ ನಾಚಿಕೆಯ ಎಳೆಯಾದರೂ ಇರಬೇಕಲ್ಲ, ಇರಲಿಲ್ಲ. ಅವ್ವನ ಕಡೆ ತಿರುಗಿದೆ. ಅವಳು ಮೊರದಲ್ಲಿನ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ. "ಕೊಟ್ಟದ್ದ ಕೊಟ್ಟಾತು. ಹೆಣ್ಣುಮಗಳಿಗೆ ಕೊಟ್ಟ ಸಾಮಾನು ತಿರುಗಿ ತರಬಾರದವಾ, ಅಕಿ ಬಾಳ್ವೆಗೆ ಛಲೋ ಅಲ್ಲ" ಎಂದಳು. ಅಂದರೆ ಅವಳಿಗೂ ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು. ಗಾಡಿಗೆ ಏರಿಸುವಾಗ ಕೈಕೊಟ್ಟ ಓಣಿಯವರಿಗೂ ಗೊತ್ತಿದ್ದಿರಬೇಕು. ನಾನೂ ಈ ಮನೆಯ ಹೆಣ್ಣುಮಗಳೇ, ನನಗೆ ಕೊಟ್ಟದ್ದನ್ನು ತಿರುಗಿ ತೆಗೆದುಕೊಳ್ಳುವಾಗ ಆ ಶಾಸ್ತ್ರ ಎಲ್ಲಿ ಹೋಗಿತ್ತು ಎಂದು ಕೂಗಾಡಿದೆ. ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ಖಾಲಿ ಗಾಡಿಯಲ್ಲಿ ಕೌದಿಗಳ ಜೊತೆ ಮರಳಿ ಬಂದೆ.

ತವರಿನ ಮೇಲೆ ಹೊಟ್ಟೆ ಉರಿಯುತ್ತಿದ್ದರೂ ಅಣ್ಣನ ಮಗಳ ಮೇಲೆ ಸಿಟ್ಟು ಬರಲಿಲ್ಲ. ಹೊಸ ಮದುಮಗಳು, ಅವಳು ಏನು ತಾನೇ ಮಾಡಿಯಾಳು? ಅದನ್ನು ಯಾರು ಮಾಡಿದರು, ಹೇಗೆ ಮಾಡಿದರು ಎಂದು ಬಲ್ಲವಳು ಅವಳೊಬ್ಬಳಾದರೂ ಅಲ್ಲಿದ್ದಾಳೆ, ಖಾನೆಗಳಲ್ಲಿ ನಾಲ್ಕು ಪುಸ್ತಕ ಇಟ್ಟುಕೊಳ್ಳುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಂಡ ಅಣ್ಣನಿಗೆ ಫೋನ್ ಮಾಡಲು ಹೊರಟರೆ ನಾನೇ ತಡೆದೆ.

ಪಂಚಮಿ ಹತ್ತಿರ ಬಂತು. ಶೇಂಗಾದ ಉಂಡಿ, ಎಳ್ಳಿನ ಉಂಡಿ ಕಟ್ಟಿ ಡಬ್ಬಿ ತುಂಬಿಸಿ, ಅವಳಿಗೆಂದು ಎರಡು ಹೊಸ ಪುಸ್ತಕ ಚೀಲದಲ್ಲಿಟ್ಟುಕೊಂಡು ಶಿರಹಟ್ಟಿ ಮೇಲೆ ಹೋಗುವ ಬಸ್ಸು ಹಿಡಿದು ಮುಂಡರಗಿಗೆ ಹೋದೆ. ಬಾಗಿಲಲ್ಲೇ ಕಪಾಟು ಕಣ್ಣಿಗೆ ಬಿತ್ತು. ಮುಂದೆ ಗಾಜಿನ ಬಾಗಿಲು ಕೂರಿಸಿದ್ದರು. ಒಳಗೆ ಸ್ಟೀಲಿನ ಡಿನ್ನರ್ ಸೆಟ್ಟು, ಪ್ಲಾಸ್ಟಿಕ್ ಹೂವು, ಮದುವೆಯ ಫೋಟೋ. ನನ್ನ ಕೈಯಿಂದ ಪುಸ್ತಕ ಇಸಿದುಕೊಂಡ ಬೀಗತಿ, ಸುತ್ತ ನೋಡಿ, ಟೀವಿಯ ಹಿಂದೆ ಇಟ್ಟರು. "ಷೋಕೇಸಿನ್ಯಾಗ ಪುಸ್ತಕಾ ಇಟ್ರ ನೆಟ್ಟಗ ಕಾಣಂಗಿಲ್ರಿ" ಎಂದರು.

ಬೀಗರು ನಾನು ಕಪಾಟು ನೋಡುವುದನ್ನೇ ನೋಡುತ್ತಿದ್ದರು. "ನೋಡ್ರಿ ಅಕ್ಕಾರ, ನಿಮ್ಮ ಅಣ್ಣಾರ ಕೈ ಕೆಲಸ! ಬಡಿಗ್ಯಾರಿಗೂ ಹಿಂಗ ಬರಂಗಿಲ್ಲ. ತಂದೀ ಮಗ್ಗದ ಕಟಗೀಲೆ ಮಗಳಿಗೆ ಅಂತ ಸ್ವತಃ ಕುಂತ ಮಾಡ್ಯಾರ. ಬಂದವರಿಗೆಲ್ಲಾ ಹೇಳ್ತೇನಿ."

ಕಿವಿಗೆ ಬಿದ್ದದ್ದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಅವರು ಎದ್ದುಹೋಗಿ ಮೂರನೆಯ ಖಾನೆಯ ತುದಿಯಲ್ಲಿ ತುಂಬಿದ್ದ ಬೆರಳಗಲದ ಪಟ್ಟಿಯನ್ನು ತೋರಿಸಿದರು. "ಇಲ್ಲಿ ಒಂದ ಬಟ್ಟು ಕಡಿಮಿ ಬಿದ್ದೈತಿ. ತಂಗೀ ಕಡೆ ಅಳತಿ ಹಿಡಸಿದ್ದೆ, ಅಕಿ ತಪ್ಪಿಸಿದ್ಲು ಅಂದ್ರು ನಿಮ್ಮ ಅಣ್ಣಾರು" ಎಂದು ನಕ್ಕರು.

ಅಳತೆ ತಪ್ಪಿಸಿದ್ದು ನಾನೇ, ಖರೆ. ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಟೇಪು ಕೈಗೆ ಒಗ್ಗಲಿಲ್ಲ, ನೂಲಿನ ಎಳೆ ಹಿಡಿದು ಅಳೆದೆ. ಅಳೆಯುವಾಗ ಬಿಗಿಯಾಗಿ ಎಳೆದು, ಗುರುತು ಹಾಕುವಾಗ ಸಡಿಲು ಬಿಟ್ಟೆ, ಹಿಗ್ಗಿದ್ದ ಎಳೆ ಕುಗ್ಗಿತು, ಹಲಗೆ ಗಿಡ್ಡಾಯಿತು. ಇಡೀ ಕಪಾಟಿನಲ್ಲಿ ಅಣ್ಣ ನನಗೆ ಉಳಿಸಿದ್ದು ಆ ಒಂದು ಬಟ್ಟಿನ ತಪ್ಪು.

ಮಗಳು ಚಹಾ ತಂದಳು. ಇನ್ನು ಅವಳೇ ಹೇಳುತ್ತಾಳೆ ಎಂದುಕೊಂಡೆ. ನಗುತ್ತಲಾದರೂ "ಇಲ್ರಿ, ಅತ್ತೀನ ಮಾಡ್ಯಾಳ" ಎಂದರೆ ಸಾಕಿತ್ತು, ಉಳಿದದ್ದನ್ನೆಲ್ಲ ನಾನು ಮರೆತುಬಿಡುತ್ತಿದ್ದೆ. ಬೀಗರು ಅವಳನ್ನೇ ಕೇಳಿದರು. "ಏನವಾ, ಎಷ್ಟ ದಿನಾ ಕುಂತ ಮಾಡಿದ್ರು ನಿಮ್ಮಪ್ಪಾರು?"

ಅವಳು ಕಪ್ಪು-ಬಸಿಗಳನ್ನು ನನ್ನ ಕೈಗಿಟ್ಟಳು. "ಭಾಳ ದಿನಾ ಆತ್ರಿ ಮಾವಾರ. ರವಿವಾರಕ್ಕೊಮ್ಮೆ ಮಾಡ್ತಿದ್ರು ಅಪ್ಪ" ಎಂದಳು. ನನ್ನ ಭಾನುವಾರಗಳನ್ನೂ ಕೊಟ್ಟುಬಿಟ್ಟಳು.

"ನೀವೂ ಒಂದ ಮಾಡಿಸ್ಕೋರಿ ಅಕ್ಕಾರ, ನಿಮ್ಮ ಅಣ್ಣಾರ ಕಡೆ" ಎಂದರು ಬೀಗರು.

ನಾನು ಬಾಯಿ ತೆರೆದಿದ್ದರೆ ಆ ಪಡಸಾಲೆಯಲ್ಲಿ ನನ್ನಣ್ಣನೂ ಅವನ ಮಗಳೂ ಇಬ್ಬರೂ ಸುಳ್ಳರಾಗುತ್ತಿದ್ದರು. ಅಣ್ಣನ ಗತಿ ಏನಾದರೂ ಆಗಲಿ. ಆದರೆ ಅವಳು ಆ ಮನೆಯಲ್ಲಿ ಬಾಳಬೇಕಲ್ಲ. "ಮಾಡಿಸ್ಕೋಬೇಕ್ರಿ" ಎಂದೆ.

ಬಸ್ ಸ್ಟ್ಯಾಂಡಿನ ತನಕ ಅವಳೇ ಬಂದಳು. ಲಕ್ಷ್ಮೇಶ್ವರದ ಬಸ್ಸು ಬಂದು ನಿಂತಾಗ ನನ್ನ ಕೈ ಹಿಡಿದುಕೊಂಡಳು.

"ಸಿಟ್ಟಾಗಬ್ಯಾಡ ಅತ್ತಿ. ನನಗ ಭಾಳ ಅಂಜಿಕಿ ಇತ್ತು, ನೀ ಬಂದ್ರ ಎಲ್ಲಾ ಹೇಳಿಬಿಡ್ತಿ ಅಂತ. ಅಪ್ಪ ಧೈರ್ಯ ಹೇಳಿದ. 'ನಿಮ್ಮತ್ತೀಗೆ ನಿನ್ನ ಮ್ಯಾಲೆ ಜೀವ ಐತಿ, ಅಕಿ ಬಾಯಿ ಬಿಡಂಗಿಲ್ಲ' ಅಂತ ಅಂದಿದ್ದ. ಹಂಗ ಆತು ನೋಡು."

ಸಮಾಧಾನವೆಂದು ಹೇಳಿದ ಮಾತು ಅದು. ಅವಳ ಮುಖದ ತುಂಬ ನೆಮ್ಮದಿ ಇತ್ತು. ನಾನು ಕೈ ಬಿಡಿಸಿಕೊಂಡು ಬಸ್ಸು ಹತ್ತಿದೆ. ಕಿಟಕಿಯ ಕೆಳಗೆ ನಿಂತು ಅವಳು ಕೈ ಬೀಸಿದಳು. ನಾನು ಬೀಸಲಿಲ್ಲ.